ಎಂಟು ಹಳದಿ ಜಾಕೆಟ್ಟುಗಳು

ದೊಡ್ಡಮ್ಮನ ಮುಂದೆ ಮಕ್ಕಳನ್ನು ನೋಡಿಕೊಳ್ಳುವ ಮಾತು ಎತ್ತಬಾರದು. ಎತ್ತಿದರೆ ಆ ದಿನದ ಕೆಲಸ ಕೆಟ್ಟಂತೆಯೇ ಲೆಕ್ಕ. ಮೂವತ್ತೊಂದು ವರ್ಷದಿಂದ ಅದೇ ಬೀದಿ, ಅದೇ ಮನೆ, ಅದೇ ಹಸಿರು ಬಾಗಿಲು. ಬೀದಿಯಲ್ಲಿ ಮೀಸೆ ಹೊತ್ತ ಗಂಡಸೊಬ್ಬ ಎದುರಾದರೆ ಸಾಕು, "ಇವನ ಮೂಗು ಒರೆಸಿದ್ದು ನಾನು" ಎಂದು ಪಕ್ಕದಲ್ಲಿದ್ದವರಿಗೆ ಹೇಳಿಯೇ ಮುಂದಕ್ಕೆ ಹೆಜ್ಜೆ. ಆತ ಪೊಲೀಸಿನವನಾಗಿರಲಿ, ಬ್ಯಾಂಕಿನವನಾಗಿರಲಿ, ಮೂಗು ಮುಟ್ಟಿಕೊಂಡು ನಗಲೇಬೇಕು. ಹೆಮ್ಮೆ ಸ್ವಲ್ಪ ಜಾಸ್ತಿಯೇ, ಒಪ್ಪೋಣ. ಆದರೆ ದುಡಿದು ಗಳಿಸಿದ ಹೆಮ್ಮೆ, ಯಾರಪ್ಪನ ಮನೆಯಿಂದಲೂ ತಂದದ್ದಲ್ಲ.

ಎಲ್ಲಾ ಶುರುವಾದದ್ದು ಸ್ವಂತ ಮಗಳಿಂದ. ಗಂಡ ತೀರಿಕೊಂಡಾಗ ಮಗಳು ಪುಟ್ಟಿಗೆ ಇನ್ನೂ ಅಂಬೆಗಾಲು. ಕೂಸನ್ನು ಬಿಟ್ಟು ಕೆಲಸಕ್ಕೆ ಹೋಗುವಂತಿಲ್ಲ, ಕೆಲಸ ಬಿಟ್ಟು ಬದುಕುವಂತಿಲ್ಲ. ಹಾಗಾದರೆ ಕೂಸಿದ್ದಲ್ಲಿಗೇ ಕೆಲಸ ಬರಲಿ ಎಂದು ಪಕ್ಕದ ಮನೆಯ ನರ್ಸಮ್ಮನ ಮಗನನ್ನೂ ಹಗಲು ಹೊತ್ತು ನೋಡಿಕೊಳ್ಳಲು ಒಪ್ಪಿದಳು. ಎರಡು ಮಕ್ಕಳು ಆರಾದವು, ಆರು ಹನ್ನೆರಡಾದವು. ಆಗ ಕಾಯ್ದೆಯೂ ಇರಲಿಲ್ಲ, ಕಾಗದವೂ ಇರಲಿಲ್ಲ. ದೊಡ್ಡಮ್ಮನಿಗೆ ಓದು ಬರಹ ಅಷ್ಟಕ್ಕಷ್ಟೇ, ಹಾಜರಿ ಪುಸ್ತಕ ಇಡುವ ಮಾತೇ ಇಲ್ಲ. ಬಾಗಿಲು ದಾಟುವಾಗ ಒಂದೊಂದೇ ತಲೆ ಮುಟ್ಟಿ, ಮುಖ ನೋಡಿ, ಹೆಸರು ಕರೆದು ಆಚೆ ಬಿಡುವಳು. ಒಳಗೆ ಬರುವಾಗಲೂ ಹಾಗೆಯೇ. ಮೊದಲ ತಲೆ ಯಾವಾಗಲೂ ಪುಟ್ಟಿಯದು.

ಆಮೇಲೆ ಕಾನೂನು ಬಂತು. ಬರಬೇಕಾದದ್ದೇ, ತಪ್ಪೇನಲ್ಲ. ಎರಡು ವರ್ಷದೊಳಗಿನ ಮೂರು ಕೂಸಿಗೆ ಒಬ್ಬ ದೊಡ್ಡವರು, ಮೂರು ದಾಟಿದ ನಾಲ್ಕು ಮಕ್ಕಳಿಗೆ ಒಬ್ಬರು. ಮಲಗಿದ ಕೂಸನ್ನು ಹತ್ತು ನಿಮಿಷಕ್ಕೊಮ್ಮೆ ನೋಡಿ ಬರೆಯಬೇಕು. ಔಷಧಿಗೆ ಬೀಗ, ಬಿಸಿನೀರಿಗೆ ಮಿತಿ, ಹೊರಗೆ ಹೋದರೆ ಗೇಟು ಗೇಟಿಗೂ ಪಟ್ಟಿ ಹಿಡಿದು ಎಣಿಕೆ. ಎಲ್ಲಕ್ಕಿಂತ ಮೇಲೆ, ಕೇಂದ್ರ ನಡೆಸುವವರ ಹತ್ತಿರ ಪ್ರಮಾಣಪತ್ರ ಇರಲೇಬೇಕು. ದೊಡ್ಡಮ್ಮನ ಹತ್ತಿರ ಇದ್ದದ್ದು ಮಂಡಿನೋವು ಮಾತ್ರ. ಪುಟ್ಟಿ ಎರಡು ವರ್ಷ ಓದಿದಳು, ಪಾಸಾದಳು, ಮ್ಯಾನೇಜರ್ ಆಗಿ ಬಾಗಿಲ ಪಕ್ಕದ ಗೋಡೆಗೆ ಚೌಕಟ್ಟು ಹಾಕಿಸಿದಳು. ಅದರ ಕೆಳಗೆ ಸಣ್ಣಕ್ಷರದಲ್ಲಿ ದೊಡ್ಡಮ್ಮನ ಹೆಸರು, ಹಿರಿಯ ಆರೈಕೆದಾರರು ಎಂದು.

ಅಂದಿನಿಂದ ಮಗಳು ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಮೇಡಂ. ಎಲ್ಲರಿಗೂ ಮೇಡಂ, ದೊಡ್ಡಮ್ಮ ಒಬ್ಬಳನ್ನು ಬಿಟ್ಟು. ಪೋಷಕರ ಎದುರಿಗೂ "ಪುಟ್ಟೀ, ಆ ಡಬ್ಬಿ ಎಲ್ಲಿಟ್ಟೆ" ಎಂದೇ ಕೂಗುವಳು. ಮೇಡಂ ಹಲ್ಲು ಕಚ್ಚಿಕೊಂಡು ಡಬ್ಬಿ ಹುಡುಕುವಳು.

ನಿಯಮದ ಜೊತೆ ಬಂದದ್ದು ಹಳದಿ ಜಾಕೆಟ್ಟು, ಮತ್ತೆ ಹಿಡಿಕೆಗಳಿರುವ ಉದ್ದನೆಯ ಹಗ್ಗ. ಹೊರಗೆ ಹೋಗುವ ಮಕ್ಕಳಿಗೆಲ್ಲ ಜಾಕೆಟ್ಟು, ಒಂದೊಂದು ಮಗುವಿಗೆ ಒಂದೊಂದು ಹಿಡಿಕೆ. ದೊಡ್ಡಮ್ಮನಿಗೆ ಇವೆರಡೂ ಬಹಳ ಹಿಡಿಸಿದವು. ತಲೆ ಮುಟ್ಟುತ್ತಾ ಬಗ್ಗುವ ಕಷ್ಟವಿಲ್ಲ, ನಿಂತಲ್ಲೇ ಕಣ್ಣು ಹಾಯಿಸಿದರೆ ಹಳದಿ ಎಷ್ಟು ಅಂತ ಗೊತ್ತಾಗುತ್ತದೆ. ಮೇಡಂ ಮೊದಲ ದಿನವೇ ಹೇಳಿದ್ದಳು, "ಅಮ್ಮ, ಜಾಕೆಟ್ಟು ಇರೋದು ಗಾಡಿಯವರ ಕಣ್ಣಿಗೆ ಕಾಣ್ಲಿ ಅಂತ. ಎಣಿಸೋಕಲ್ಲ. ಎಣಿಸೋದು ಪಟ್ಟಿ ನೋಡ್ಕೊಂಡು."

"ನಿನ್ನನ್ನೇ ಎಣಿಸಿ ದೊಡ್ಡವಳು ಮಾಡಿದೀನಿ, ನಂಗೆ ಹೇಳ್ಕೊಡ್ತೀಯಾ" ಎಂದಿದ್ದಳು ದೊಡ್ಡಮ್ಮ.

ಆ ಮಂಗಳವಾರ ಉದ್ಯಾನಕ್ಕೆ ಹೋದದ್ದು ಎಂಟು ಮಕ್ಕಳು, ಇಬ್ಬರು ದೊಡ್ಡವರು. ಒಬ್ಬಳು ದೊಡ್ಡಮ್ಮ, ಇನ್ನೊಬ್ಬಳು ಉದ್ದಜಡೆ ಎಂದು ಮಕ್ಕಳು ಕರೆಯುತ್ತಿದ್ದ ಆರೈಕೆದಾರಳು. ಎಂಟರಲ್ಲಿ ಒಂದು ಚಿಟ್ಟೆ. ಚಿಟ್ಟೆ ಅಂದರೆ ಮೇಡಂ ಮಗಳು, ದೊಡ್ಡಮ್ಮನ ಮೊಮ್ಮಗಳು, ಮೂರೂವರೆ ವರ್ಷ, ಒಂದು ಕಡೆ ಕೂತ ದಾಖಲೆ ಇಲ್ಲ. ಜಾರುಬಂಡಿ, ಮರಳು, ಉಯ್ಯಾಲೆ ಎಲ್ಲ ಮುಗಿಯಿತು. ಹೊರಡುವ ಹೊತ್ತಿಗೆ ಗುಂಡ ಎಂಬ ಹುಡುಗನ ಬೂಟು ಕಳಚಿತು, ಉದ್ದಜಡೆ ಅದನ್ನು ತೊಡಿಸಲು ಕೂತಳು. ದೊಡ್ಡಮ್ಮ ಗೇಟಿನ ಬಳಿ ನಿಂತು ಕಣ್ಣು ಹಾಯಿಸಿದಳು. ಎಂಟು ಹಿಡಿಕೆ, ಎಂಟು ಹಳದಿ. ಪಟ್ಟಿ ಚೀಲದಲ್ಲೇ ಇತ್ತು. ನಡೀರಿ ಎಂದಳು.

ಇನ್ನೂರು ಹೆಜ್ಜೆ ಹೋಗಿರಬಹುದು. ಹಿಂದಿನಿಂದ ಒಬ್ಬ ಹೆಂಗಸು ಓಡಿ ಬರುವ ಸದ್ದು. ತಿರುಗಿ ನೋಡಿದರೆ ಅವಳ ಕಂಕುಳಲ್ಲಿ ಚಿಟ್ಟೆ, ಜಾಕೆಟ್ಟಿಲ್ಲ, ಮೈಯೆಲ್ಲ ಮರಳು, ಮುಖದಲ್ಲಿ ಮಾತ್ರ ಭಾರಿ ಸಂತೋಷ. ಆ ಹೆಂಗಸು ಏದುಸಿರು ಬಿಡುತ್ತಾ ಹಗ್ಗದ ಕಡೆ ಕೈ ತೋರಿಸಿದಳು.

"ಅಮ್ಮಾ, ಅಲ್ಲಿ ಕೊನೇಲಿ ಇರೋದು ನನ್ನ ಮಗಳು."

ಹೌದು, ಅವಳದ್ದೇ ಮಗಳು. ಹಳದಿ ಜಾಕೆಟ್ಟು ಹಾಕಿಕೊಂಡು, ಎಂಟನೆಯ ಹಿಡಿಕೆ ಹಿಡಿದುಕೊಂಡು, ಹುಟ್ಟಿದಾಗಿನಿಂದ ಇದೇ ಹಗ್ಗದಲ್ಲಿ ನಡೆದವಳ ಹಾಗೆ ನಿಂತಿತ್ತು. ಮರಳಲ್ಲಿ ಆಡುತ್ತಾ ಸ್ನೇಹವಾಗಿ, ಆ ಮಗು ಜಾಕೆಟ್ಟು ಚೆನ್ನಾಗಿದೆ ಎಂದಿತಂತೆ, ಚಿಟ್ಟೆ ಬಿಚ್ಚಿ ಕೊಟ್ಟಿತಂತೆ. "ಹಂಚ್ಕೋಬೇಕು ಅಂತ ನೀನೇ ಹೇಳಿದ್ದಲ್ಲ ಅಜ್ಜಿ" ಎಂದಿತು ಚಿಟ್ಟೆ. ನಡುರಸ್ತೆಯಲ್ಲಿ ಮಕ್ಕಳು ಅದಲುಬದಲಾದವು. ಆ ತಾಯಿ ಒಳ್ಳೆಯವಳು, ಉಸಿರು ಬಂದ ಮೇಲೆ ನಕ್ಕಳು. "ನಾನೂ ಫೋನ್ ನೋಡ್ತಿದ್ದೆ ಬಿಡಿ, ಏನೂ ಆಗಿಲ್ವಲ್ಲ" ಎಂದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ಎಂದು ದೊಡ್ಡಮ್ಮನೂ ನಕ್ಕಳು.

ಅಲ್ಲಿಗೇ ಮುಗಿಯಬಹುದಿತ್ತು. ಆದರೆ ದೊಡ್ಡಮ್ಮನ ಬಾಯಿ ಒಳ್ಳೆಯ ಕತೆಯನ್ನು ಇಟ್ಟುಕೊಳ್ಳುವ ಬಾಯಲ್ಲ. ಮಕ್ಕಳು ಊಟ ಮಾಡಿ ಮಲಗಿದ ಮೇಲೆ ಆಫೀಸು ಕೋಣೆಗೆ ಹೋಗಿ, ಕುರ್ಚಿ ಎಳೆದು ಕೂತು, ಮಗಳಿಗೆ ನಡೆದದ್ದೆಲ್ಲ ತಮಾಷೆಯಾಗಿ ಹೇಳಿದಳು. ಆ ಹೆಂಗಸು ಓಡಿ ಬಂದ ಓಟವನ್ನೂ ಮಾಡಿ ತೋರಿಸಿದಳು. ಮಗಳು ನಗುತ್ತಾಳೆ ಎಂದು ಕಾದಳು.

ಮಗಳು ನಗಲಿಲ್ಲ. ಎದ್ದು ಮಲಗುವ ಕೋಣೆಗೆ ಹೋಗಿ ಚಿಟ್ಟೆಯ ಬೆನ್ನ ಮೇಲೆ ಕೈಯಿಟ್ಟು ಬಂದಳು. ಬಾಗಿಲು ಹಾಕಿದಳು. ಕೆಳಗಿನ ಡ್ರಾಯರ್‌ನಿಂದ ಒಂದು ಫಾರಂ ತೆಗೆದು ಮೇಜಿನ ಮೇಲಿಟ್ಟಳು.

"ಎಷ್ಟು ಹೊತ್ತಿಗೆ ಗೇಟು ದಾಟಿದ್ರಿ?"

"ಏನೇ ಇದು?"

"ಮಗು ಎಣಿಕೆ ತಪ್ಪಿದ್ರೆ ಘಟನಾ ವರದಿ. ನಿಮಿಷ ಆದ್ರೂ ಅಷ್ಟೇ, ಗಂಟೆ ಆದ್ರೂ ಅಷ್ಟೇ. ಇಪ್ಪತ್ನಾಲ್ಕು ಗಂಟೆ ಒಳಗೆ ತಪಾಸಣೆ ಕಚೇರಿಗೆ ಹೋಗ್ಬೇಕು."

"ಪುಟ್ಟೀ, ಏನೂ ಆಗಿಲ್ಲ ಕಣೇ."

"ಏನೂ ಆಗದೇ ಇದ್ದಾಗಲೇ ಬರೀಬೇಕು ಅಮ್ಮ. ಆದ್ಮೇಲೆ ಬರೆದು ಏನು ಪ್ರಯೋಜನ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೊಡ್ಡಮ್ಮ ಸಮಯ ಹೇಳಿದಳು, ಹೆಜ್ಜೆ ಹೇಳಿದಳು, ಪಟ್ಟಿ ಚೀಲದಲ್ಲಿತ್ತು ಎಂಬುದನ್ನೂ ಹೇಳಿದಳು. ಸುಳ್ಳು ಹೇಳುವ ಜಾಯಮಾನ ಅವಳದ್ದಲ್ಲ. ಮಗಳು ತಲೆ ಎತ್ತದೆ ಬರೆದಳು. ಬರೆದು ಮುಗಿಸಿ, ನಿಯಮದ ಪುಸ್ತಕ ತೆರೆದು, ಅಧಿಕಾರಿ ಬಂದು ತೀರ್ಮಾನ ಹೇಳುವವರೆಗೆ ಎಣಿಕೆ ತಪ್ಪಿದವರು ಮಕ್ಕಳ ಜೊತೆ ಇರುವಂತಿಲ್ಲ ಎಂಬ ಸಾಲನ್ನು ಓದಿ ಹೇಳಿದಳು. ತೀರ್ಮಾನ ಎರಡೇ ಬಗೆ: ಮಕ್ಕಳ ಜೊತೆ ಇರಬಹುದಾದವರ ಪಟ್ಟಿಯಲ್ಲಿ ಹೆಸರು ಉಳಿಯುವುದು, ಇಲ್ಲವೇ ಹೋಗುವುದು. ಹೋದರೆ ಇಡೀ ಜನ್ಮಕ್ಕೆ ಹೋದಂತೆ, ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಮತ್ತೆ ಯಾರು ಸೇರಿಸಿಕೊಳ್ಳುತ್ತಾರೆ.

"ಹೆತ್ತ ತಾಯಿ ಮೇಲೆ ದೂರು ಬರೀತೀಯ" ಎಂದಳು ದೊಡ್ಡಮ್ಮ. ದನಿ ಅವಳಿಗೇ ಗುರುತು ಸಿಗದಷ್ಟು ಸಣ್ಣದಾಗಿತ್ತು.

"ದೂರಲ್ಲ, ವರದಿ. ಓದಿ ಸಹಿ ಮಾಡು."

ಓದಲಿಲ್ಲ. ಓದಲು ಹೊತ್ತು ಬೇಕು, ಹೊತ್ತಿಗೆ ಸಮಾಧಾನ ಬೇಕು, ಅದೆಲ್ಲ ಎಲ್ಲಿಂದ ತರುವುದು. ಪೆನ್ನು ಕಾಗದ ಹರಿಯುವ ಹಾಗೆ ಒತ್ತಿ ಸಹಿ ಮಾಡಿ ಎದ್ದಳು.

ಇಷ್ಟಾದರೂ ಫಾರಂ ಮುಗಿಯಲಿಲ್ಲ. ಮಗುವಿನ ಪೋಷಕರಿಗೆ ತಿಳಿಸಲಾಗಿದೆ ಎಂಬಲ್ಲಿ ಪೋಷಕರ ಸಹಿ ಬೇಕು. ಪೋಷಕಿ ಮೇಡಂ, ತಿಳಿಸುವವಳೂ ಮೇಡಂ. ತನಗೆ ತಾನೇ ತಿಳಿಸಿ ಸಹಿ ಹಾಕಿಕೊಳ್ಳುವುದು ನಿಯಮಕ್ಕೆ ಸರಿಬರುವುದಿಲ್ಲ ಎಂದು ಗಂಡನಿಗೆ ಫೋನ್ ಮಾಡಿದಳು. ಅಳಿಯ ಲಿಫ್ಟು ರಿಪೇರಿಯವನು, ಆರನೆಯ ಮಹಡಿಯಲ್ಲಿ ಅರ್ಧ ಬಿಚ್ಚಿಟ್ಟ ಲಿಫ್ಟು ಬಿಟ್ಟು, ಗ್ರೀಸು ಕೈಯಲ್ಲೇ ಬಂದ. ಹೆಂಡತಿ ಅವನನ್ನು ನಿಲ್ಲಿಸಿ, ನಿಮ್ಮ ಮಗುವಿನ ಎಣಿಕೆ ಇಷ್ಟು ನಿಮಿಷ ತಪ್ಪಿತ್ತು ಎಂದು ಗಂಭೀರವಾಗಿ ಓದಿ ಹೇಳಿದಳು. ಅವನು ಒಮ್ಮೆ ಹೆಂಡತಿಯನ್ನು ನೋಡಿದ, ಒಮ್ಮೆ ಬಾಗಿಲಲ್ಲಿ ನಿಂತ ಅತ್ತೆಯನ್ನು ನೋಡಿದ. ಅತ್ತ ದರಿ, ಇತ್ತ ಪುಲಿ.

"ಅತ್ತೆ, ನಂಗೇನೂ ಬೇಜಾರಿಲ್ಲ" ಎಂದ.

"ಸಹಿ ಹಾಕಪ್ಪ, ನಿನ್ನ ಲಿಫ್ಟು ಕಾಯ್ತಿರತ್ತೆ" ಎಂದಳು ದೊಡ್ಡಮ್ಮ.

ಅವನ ಹೆಬ್ಬೆರಳಿನ ಗ್ರೀಸು ಸಹಿಯ ಪಕ್ಕ ಮುದ್ರೆಯ ಹಾಗೆ ಬಿತ್ತು. ಆ ಸಂಜೆ ಮೇಡಂ ಉದ್ಯಾನಕ್ಕೆ ಹೋಗಿ ಆ ಇನ್ನೊಬ್ಬ ತಾಯಿಯನ್ನು ಹುಡುಕಿ, ಕ್ಷಮೆ ಕೇಳಿ, ಅವಳ ಸಹಿಯನ್ನೂ ತಂದಳು.

ಮಾರನೆಯ ದಿನದಿಂದ ದೊಡ್ಡಮ್ಮ ಅಡುಗೆಕೋಣೆಗೆ ಸೇರಿದಳು. ಮಕ್ಕಳ ಕೋಣೆಗೂ ಅಡುಗೆಕೋಣೆಗೂ ನಡುವೆ ಸೊಂಟದೆತ್ತರದ ಮರದ ಗೇಟು. ಅದರ ಆಚೆ ಬರಬಾರದು. ಕ್ಯಾರೆಟ್ ಸುಲಿದಳು, ಬಟಾಣಿ ಬಿಡಿಸಿದಳು, ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. ಪಾತ್ರೆಗಳು ಆ ವಾರ ತಿಂದ ಪೆಟ್ಟು ಅವುಗಳ ಜನ್ಮದಲ್ಲೇ ತಿಂದಿರಲಿಲ್ಲ. ಗುಂಡ ಗೇಟಿನ ಸಂದಿಯಲ್ಲಿ ಮೂಗು ತೂರಿಸಿ "ದೊಡ್ಡಮ್ಮ, ನೀನೂ ತಪ್ಪು ಮಾಡಿದ್ಯಾ?" ಎಂದು ಕೇಳಿದ.

"ಮಾಡ್ದೆ ಕಣೋ."

"ಸಾರಿ ಕೇಳು, ಬಿಡ್ತಾರೆ" ಎಂದು ಉಪಾಯ ಹೇಳಿಕೊಟ್ಟು ಹೋದ.

ಉದ್ದಜಡೆ ಪಿಸುಗುಟ್ಟಿದಳು, "ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ ದೊಡ್ಡಮ್ಮ." ದೊಡ್ಡಮ್ಮನಿಗೆ ಆ ಮಾತು ಹಿತವಾಗಬೇಕಿತ್ತು. ಆಗಲಿಲ್ಲ. ಬಟಾಣಿ ಬಿಡಿಸುವಾಗ ಕಣ್ಣ ಮುಂದೆ ಬರುತ್ತಿದ್ದದ್ದು ಮರಳಿನ ಗುಂಡಿ, ಅದರ ಹಿಂದಿನ ದೊಡ್ಡ ರಸ್ತೆ, ನಡುವೆ ತೆರೆದೇ ಇದ್ದ ಹಿಂಬದಿಯ ಗೇಟು. ಚಿಟ್ಟೆ ಒಂದು ಕಡೆ ಕೂರುವ ಕೂಸಲ್ಲ. ಅಂದು ಕೂತಿದ್ದು ದೇವರ ದಯೆ, ದೊಡ್ಡಮ್ಮನ ಜಾಣತನವಲ್ಲ.

ಮನೆಯ ಕತೆಯೇ ಬೇರೆ. ಒಂಬತ್ತನೆಯ ದಿನ ಸಂಜೆ ಆರು ಹೊಡೆದು, ಹಸಿರು ಬಾಗಿಲಿಗೆ ಬೀಗ ಬಿದ್ದು, ಮೆಟ್ಟಿಲು ಹತ್ತಿ ಮೇಲಿನ ಮನೆಗೆ ಕಾಲಿಟ್ಟ ಕೂಡಲೇ ಮಗಳು ಚಿಟ್ಟೆಯನ್ನು ತಾಯಿಯ ತೊಡೆಯ ಮೇಲೆ ಹಾಕಿದಳು.

"ಅಮ್ಮ, ಇವಳನ್ನ ಸ್ವಲ್ಪ ಹಿಡ್ಕೋ, ಸ್ನಾನಕ್ಕೆ ಹೋಗ್ತೀನಿ."

"ಹಿಡ್ಕೋಬಹುದಾ? ಕೇಳ್ಬಿಟ್ಟು ಹಿಡ್ಕೋತೀನಿ. ಆಮೇಲೆ ಯಾರಾದ್ರೂ ಫಾರಂ ತಂದಾರು."

ಮಗಳು ಬಚ್ಚಲ ಬಾಗಿಲಲ್ಲಿ ನಿಂತಳು. ಟವೆಲ್ಲು ಹೆಗಲ ಮೇಲಿತ್ತು, ಕಣ್ಣ ಕೆಳಗೆ ಕಪ್ಪಾಗಿತ್ತು. "ಕೆಳಗೆ ನೀನು ಸಿಬ್ಬಂದಿ. ಇಲ್ಲಿ ಅಜ್ಜಿ. ಅಜ್ಜಿಗೆ ಯಾವ ನಿಯಮಾನೂ ಇಲ್ಲ" ಎಂದು ಒಳಗೆ ಹೋದಳು. ನೀರಿನ ಸದ್ದಿನ ಜೊತೆ ಬಿಕ್ಕುವ ಸದ್ದೂ ಕೇಳಿಸಿತು. ದೊಡ್ಡಮ್ಮ ಚಿಟ್ಟೆಯ ಕೂದಲಿಂದ ಮರಳು ಹೆಕ್ಕುತ್ತಾ ಕೂತಳು. ಮಗಳೂ ಒಂಬತ್ತು ದಿನ ಸರಿಯಾಗಿ ನಿದ್ದೆ ಮಾಡಿರಲಿಲ್ಲ ಎಂದು ಆಗ ಅವಳ ತಲೆಗೆ ಹೋಯಿತು.

ಹತ್ತನೆಯ ದಿನ ಬೆಳಿಗ್ಗೆ ಅಧಿಕಾರಿ ಬಂದರು. ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ, ಮೂಗು ನೆಗಡಿಯಿಂದ ಕೆಂಪು. ಮೇಡಂ ಅವರ ಗುರುತಿನ ಚೀಟಿ ನೋಡಿ, ನೆಗಡಿ ಇದ್ದವರು ಕೂಸುಗಳ ಕೋಣೆಗೆ ಹೋಗುವಂತಿಲ್ಲ, ಗಾಜಿನಿಂದ ನೋಡಬಹುದು ಎಂದಳು. ಅಧಿಕಾರಿ ಒಂದು ಕ್ಷಣ ನಿಂತು, ಸರಿ ಎಂದು ಗಾಜಿನಿಂದಲೇ ನೋಡಿದರು. ಗೇಟಿನಾಚೆ ನಿಂತ ದೊಡ್ಡಮ್ಮನಿಗೆ ಭಯದ ನಡುವೆಯೂ ನಗು ಬಂತು. ಯಾರ ಮುಲಾಜೂ ಇಲ್ಲ ಇವಳಿಗೆ, ತಾಯಿಗೂ ಇಲ್ಲ, ದೊರೆಗೂ ಇಲ್ಲ.

ಔಷಧಿಯ ಬೀಗ, ಬಿಸಿನೀರು, ನಿದ್ದೆಯ ಪುಸ್ತಕ ಎಲ್ಲ ನೋಡಿದ ಮೇಲೆ ಅಧಿಕಾರಿ ದೊಡ್ಡಮ್ಮನನ್ನು ಆಫೀಸು ಕೋಣೆಗೆ ಕರೆದರು.

"ಏನಾಯ್ತು ಅಂತ ನಿಮ್ಮ ಬಾಯಲ್ಲೇ ಹೇಳಿ."

ಹೇಳಿದಳು. ಈ ಸಲ ಓಟ ಮಾಡಿ ತೋರಿಸಲಿಲ್ಲ. ಗುಂಡನ ಬೂಟನ್ನು ನೆಪ ಮಾಡಲಿಲ್ಲ, ಉದ್ದಜಡೆಯ ಹೆಸರು ಎತ್ತಲಿಲ್ಲ. ಕೊನೆಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, "ನಾನು ಮಕ್ಕಳನ್ನ ಎಣಿಸ್ಲಿಲ್ಲ ತಾಯಿ, ಅಂಗಿ ಎಣಿಸ್ದೆ. ಮೂವತ್ತೊಂದು ವರ್ಷದ ಕೆಲಸ ನಂಗೆ ಗೊತ್ತು ಅನ್ನೋ ಕೊಬ್ಬು" ಎಂದಳು.

ಅಧಿಕಾರಿ ಬರೆದುಕೊಂಡರು. ಫಾರಂ ತಿರುವಿದರು. "ವರದಿ ಬರೆದ ಮ್ಯಾನೇಜರ್ ನಿಮ್ಮ ಸ್ವಂತ ಮಗಳಾ?"

"ಹೌದು."

"ಮುಚ್ಚಿಡಬಹುದಿತ್ತು. ಬೇರೆ ಕಡೆಯಿಂದ ದೂರೇ ಬಂದಿಲ್ಲ."

"ಹೇಗೆ ಮುಚ್ಚಿಡ್ತಾಳೆ" ಎಂದಳು ದೊಡ್ಡಮ್ಮ. ಯಾವ ಯೋಚನೆಯೂ ಮಾಡದೆ ಬಾಯಿಗೆ ಬಂದ ಮಾತು. "ನಾನು ಬೆಳೆಸಿದ ಹುಡುಗಿ ಅವಳು."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಹತ್ತು ದಿನದ ಸಿಟ್ಟು ಎಲ್ಲಿ ಹೋಯಿತೋ ಹುಡುಕಿದರೂ ಸಿಗಲಿಲ್ಲ. ಎದೆ ಉಬ್ಬಿ ಬಂದಿತ್ತು.

ಅಧಿಕಾರಿ ಕನ್ನಡಕ ಮೂಗಿಗೇರಿಸಿದರು. "ಮುಂದೆ ಹೀಗಾಗದಂತೆ ಏನು ಮಾಡ್ತೀರಿ ಅನ್ನೋ ಕಡೆ ಒಂದು ವಿಷ್ಯ ಬರೆದಿದಾರೆ. ಅದರ ಬಗ್ಗೆ ಕೇಳ್ಬೇಕು. ಓದಿದೀರಲ್ಲ?"

ಓದಿಲ್ಲವೆಂದು ಹೇಳಲು ದೊಡ್ಡಮ್ಮನಿಗೆ ನಾಚಿಕೆ. ಅಧಿಕಾರಿ ನೆಗಡಿಯ ದನಿಯಲ್ಲಿ ತಾವೇ ಓದಿದರು:

"ಜಾಕೆಟ್ಟಾಗಲಿ ಹಗ್ಗವಾಗಲಿ ಎಣಿಕೆಗೆ ಆಧಾರವಲ್ಲ. ಪಟ್ಟಿಯ ಜೊತೆಗೆ, ಈ ಕೇಂದ್ರದಲ್ಲಿ ಮೊದಲಿನಿಂದ ಇದ್ದ ಪದ್ಧತಿಯನ್ನು ಮತ್ತೆ ಜಾರಿಗೆ ತರಲಾಗುವುದು. ಪ್ರತಿ ಬಾಗಿಲಲ್ಲೂ ಒಂದೊಂದು ಮಗುವಿನ ತಲೆ ಮುಟ್ಟಿ, ಮುಖ ನೋಡಿ, ಹೆಸರು ಕರೆದು ಎಣಿಸುವುದು. ಈ ಪದ್ಧತಿಯಲ್ಲಿ ಇಪ್ಪತ್ತೈದು ವರ್ಷ ಒಂದು ಮಗುವಿನ ಎಣಿಕೆಯೂ ತಪ್ಪಿಲ್ಲ. ಇದನ್ನು ಎಲ್ಲ ಸಿಬ್ಬಂದಿಗೆ, ನನ್ನನ್ನೂ ಸೇರಿಸಿ, ಹಿರಿಯ ಆರೈಕೆದಾರರೇ ಕಲಿಸಬೇಕು. ಬೇರೆ ಯಾರಿಗೂ ಅಷ್ಟು ಚೆನ್ನಾಗಿ ಬಾರದು."

ದೊಡ್ಡಮ್ಮನಿಗೆ ಕಣ್ಣು ತುಂಬಿ ಅಧಿಕಾರಿ ಇಬ್ಬರಾಗಿ ಕಂಡರು. ಪೆನ್ನು ಒತ್ತಿ ತಾನು ಸಹಿ ಮಾಡಿದ್ದು ಈ ಕಾಗದಕ್ಕೆ. ತಾಯಿಯ ತಪ್ಪನ್ನು ಮೇಲೆ ಬರೆದು, ಅದೇ ಕೈಯಿಂದ ಕೆಳಗೆ ತಾಯಿಯ ವಿದ್ಯೆಯನ್ನೂ ಬರೆದಿದ್ದಳು ಮಗಳು. ಎರಡೂ ನಿಜ, ಎರಡರಲ್ಲೂ ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಎಷ್ಟು ದಿನ ಬೇಕು ಕಲಿಸೋಕೆ?" ಕೇಳಿದರು ಅಧಿಕಾರಿ.

"ಒಂದು ದಿನ ಸಾಕು" ಎಂದಳು ದೊಡ್ಡಮ್ಮ. ಸೆರಗಿಂದ ಮೂಗು ಒರೆಸಿಕೊಂಡು, ಬಾಗಿಲ ಕಡೆ ನೋಡಿ, "ನಮ್ಮ ಮೇಡಂ ಹೇಳಿದ ದಿನ ಶುರು ಮಾಡ್ತೀನಿ" ಎಂದಳು. ಬಾಗಿಲ ಹೊರಗೆ ನಿಂತ ಮೇಡಂ ಕೈಯಿಂದ ಫೈಲು ಜಾರಿ ಕೆಳಗೆ ಬಿತ್ತು.

ಹೆಸರು ಪಟ್ಟಿಯಲ್ಲೇ ಉಳಿಯಿತು. ಷರತ್ತು ಒಂದೇ: ಮೂರು ತಿಂಗಳು ಹೊರಗೆ ಹೋಗುವಾಗ ದೊಡ್ಡಮ್ಮ ಎಣಿಸಬೇಕು, ಮ್ಯಾನೇಜರ್ ಪಕ್ಕದಲ್ಲಿ ನಿಂತು ಪಟ್ಟಿಗೆ ಗುರುತು ಹಾಕಬೇಕು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಹಸಿರು ಬಾಗಿಲ ಮುಂದೆ ಎಂಟು ಹಳದಿ ಜಾಕೆಟ್ಟು ಸಾಲುಗಟ್ಟಿದವು. ಮೇಡಂ ಪಟ್ಟಿ ಹಿಡಿದು ನಿಂತಳು, ಉದ್ದಜಡೆ ಕಲಿಯಲು ಪಕ್ಕದಲ್ಲಿ ನಿಂತಳು. ದೊಡ್ಡಮ್ಮ ಮಂಡಿ ಹಿಡಿದುಕೊಂಡು ಬಗ್ಗಿದಳು. ಗುಂಡನ ತಲೆ ಮುಟ್ಟಿದಳು, ಮುಖ ನೋಡಿದಳು, ಹೆಸರು ಕರೆದಳು. ಹಾ ಎಂದ ಗುಂಡ. ಮೇಡಂ ಗುರುತು ಹಾಕಿದಳು. ಹೀಗೇ ಒಂದೊಂದೇ. ಸ್ವಲ್ಪ ಹೊತ್ತು ಹಿಡಿಯಿತು, ಯಾರಿಗೂ ಅವಸರವಿರಲಿಲ್ಲ. ಕೊನೆಗೆ ಚಿಟ್ಟೆ. ಅದರ ತಲೆಯ ಮೇಲೆ ಕೈ ಉಳಿದವರಿಗಿಂತ ಒಂದು ಗಳಿಗೆ ಹೆಚ್ಚು ನಿಂತಿತು.

"ಎಂಟು" ಎಂದಳು ದೊಡ್ಡಮ್ಮ.

ಚಿಟ್ಟೆ ತಿರುಗಿ ಪಟ್ಟಿ ಹಿಡಿದವಳ ಕಡೆ ಬೆರಳು ತೋರಿಸಿತು. "ಅಜ್ಜಿ, ಅಮ್ಮನ್ನ ಎಣಿಸೋದು ಮರೆತೆ."

"ಮರೆತಿಲ್ಲ ಕಣೇ" ಎಂದಳು ದೊಡ್ಡಮ್ಮ, ಹಗ್ಗದ ತುದಿ ಕೈಗೆ ತಗೊಳ್ಳುತ್ತಾ. "ಅವಳನ್ನ ಎಲ್ಲರಿಗಿಂತ ಮೊದಲೇ ಎಣಿಸಿದೀನಿ."

ಮೇಡಂ ಪಟ್ಟಿಯ ಕೆಳಗೆ ಎಂಟು ಎಂದು ಬರೆದು, ಸಮಯ ಬರೆದು, ಬಾಗಿಲು ತೆಗೆದಳು.